ಓರೆಗೆರೆಯ ಆಚೆಗಿನ ಅಕ್ಷರ

ಕಳೆದ ನವೆಂಬರಿನಲ್ಲಿ ಪುಣೆಯ ನಮ್ಮ ಸಣ್ಣ ಗುಂಪು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾಲ್ಕು ಭಾವಗೀತೆ ಹಾಡಿತು. ಹಾಡುವವರು ಇಬ್ಬರು, ತಬಲಾ ಒಬ್ಬರು, ಕೀಬೋರ್ಡ್ ಒಬ್ಬರು, ಗಿಟಾರ್ ನಾನು. ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿದವನು ನಾನು. ಮೂರನೇ ಹಾಡಿನಲ್ಲಿ ಪಲ್ಲವಿ ಮುಗಿದ ಮೇಲೆ ಎಂಟು ಮಾತ್ರೆ ಗಿಟಾರ್ ಒಂದೇ ನುಡಿಯಬೇಕಿತ್ತು. ಕೊನೆಯ ಕಾರ್ಡ್ ಮೊಳಗಿ ನಿಂತ ಮೌನದಲ್ಲಿ ಅಕ್ಕ ಷಡ್ಜದಿಂದ ಚರಣ ಎತ್ತಬೇಕಿತ್ತು. ಎತ್ತಿದರು. ಆದರೆ ಅವರ ಷಡ್ಜವೇ ಬೇರೆಯಾಗಿತ್ತು. ಅರ್ಧ ಸಾಲು ಹಾಡುವಷ್ಟರಲ್ಲಿ ಕೀಬೋರ್ಡಿನವರು ಸರಿಯಾದ ಸ್ವರ ಒತ್ತಿ ಹಿಡಿದರು, ಅಕ್ಕ ತಿದ್ದಿಕೊಂಡರು, ಹಾಡು ದಡ ಸೇರಿತು. ಸಭೆಯಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಅಕ್ಕನಿಗೆ ಗೊತ್ತಾಗಿತ್ತು. ಮೂವತ್ತು ವರ್ಷ ಹಾಡಿದವರು ಅವರು, ಸ್ವರ ತಪ್ಪಿದ್ದು ಅವರಿಗೆ ನೆನಪಿರುವಂತೆ ಅದೇ ಮೊದಲು. ಚಹಾ ಕುಡಿಯುವಾಗ ಸಿಟ್ಟಿಲ್ಲದೆ ಕೇಳಿದರು: “ಅಲ್ರೀ, ಷಡ್ಜ ಎಲ್ಲಿಟ್ರಿ ನೀವು?”

ಇದು ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ. ಜೊತೆಗೆ ಒಂದು ತಕರಾರು ಕೂಡ. ಗಿಟಾರ್ ಕಲಿಸುವವರು ಇವತ್ತು ಧಾರಾಳವಾಗಿ ಹಂಚುವ ಸಲಹೆಯೊಂದರ ಮೇಲೆ ನನಗೆ ತಕರಾರಿದೆ: “ಕಾರ್ಡಿನ ಹೆಸರಲ್ಲಿ ಓರೆಗೆರೆ ಕಂಡರೆ ಅದರ ಹಿಂದಿನದನ್ನು ಹಿಡಿ, ಮುಂದಿನದನ್ನು ಬಿಡು.” ನಾನು ಕಲಿತ ತರಗತಿಯಲ್ಲೂ ಹೀಗೇ ಹೇಳಿದ್ದರು. ನಾನು ಬಿಟ್ಟೆ. ಬಿಟ್ಟಿದ್ದು ಒಂದು ಅಕ್ಷರ. ಹೋಗಿದ್ದು ಹಾಡುವವರ ಕಾಲ ಕೆಳಗಿನ ನೆಲ.

ನನ್ನ ಹಾಳೆಯಲ್ಲಿ ಆ ಜಾಗದಲ್ಲಿ ಬರೆದಿದ್ದುದು ಸಿ6/ಜಿ. ಕ್ಯಾಪೊ ಹಾಕಿದ್ದೆ, ಆ ಲೆಕ್ಕ ಬಿಟ್ಟುಬಿಡೋಣ. ಸಿ ಅಂದರೆ ಷಡ್ಜ ಎಂದೇ ಇಟ್ಟುಕೊಳ್ಳಿ.

ಮೊದಲು ಓರೆಗೆರೆಯ ಹಿಂದಿನ ಭಾಗ. ಸಿ ಮೇಜರ್ ಕಾರ್ಡಿನಲ್ಲಿ ಮೂರು ಸ್ವರ: ಸಿ, ಇ, ಜಿ. ನಮ್ಮ ಲೆಕ್ಕದಲ್ಲಿ ಸ, ಗ, ಪ. ಇದಕ್ಕೆ ಮೇಜರ್ ಸ್ಕೇಲಿನ ಆರನೆಯ ಸ್ವರ ಎ, ಅಂದರೆ ನಮ್ಮ ಧೈವತ, ಸೇರಿಸಿದರೆ ಸಿ6. ಹೆಸರಿನಲ್ಲಿರುವ ಆರು ಆ ಧೈವತದ ಎಣಿಕೆ. ಸಿ, ಇ, ಜಿ, ಎ. ಸ, ಗ, ಪ, ಧ. ಅಷ್ಟೇ. ಮೇಜರ್ ಕಾರ್ಡಿನ ನೇರ ನಿಲುವಿಗೆ ಇದು ಸ್ವಲ್ಪ ಮೆದು ತರುತ್ತದೆ. ಸಂತೋಷವೇ, ಆದರೆ ಕೂಗಿ ಹೇಳುವ ಸಂತೋಷವಲ್ಲ. 1963ರಲ್ಲಿ ಬೀಟಲ್ಸ್ ತಮ್ಮ ‘ಶೀ ಲವ್ಸ್ ಯು’ ಹಾಡನ್ನು ಜಿ6ರ ಮೇಲೆ ಮುಗಿಸಿದರು. ಇದು ಹಳೇ ಕಾಲದ ಬ್ಯಾಂಡುಗಳ ಶೈಲಿಯಾಯಿತಲ್ಲ ಎಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಗೊಣಗಿದರು. ಹುಡುಗರು ಕೇಳಲಿಲ್ಲ.

ಇನ್ನು ಓರೆಗೆರೆಯ ಮುಂದಿನ ಭಾಗ. ಅದು ಭಾಗಾಕಾರವೂ ಅಲ್ಲ, ‘ಇದು ಅಥವಾ ಅದು’ ಎಂಬ ಆಯ್ಕೆಯೂ ಅಲ್ಲ. ಕಾರ್ಡಿನ ಅತಿ ತಗ್ಗಿನ ಸ್ವರ ಯಾವುದಿರಬೇಕು ಎಂದು ಹೇಳುವ ಅಕ್ಷರ ಅದು. ಸಿ6/ಜಿ ಅಂದರೆ ಸಿ6ರ ನಾಲ್ಕು ಸ್ವರಗಳೂ ಇರಲಿ, ಎಲ್ಲಕ್ಕಿಂತ ಕೆಳಗೆ ಜಿ ಇರಲಿ. ಸ-ಗ-ಪ-ಧ ನುಡಿಯಲಿ, ಬುಡದಲ್ಲಿ ಪಂಚಮ ನಿಲ್ಲಲಿ.

ನಾನು ಮಾಡಿದ್ದೇನು? ಓರೆಗೆರೆ ಬಿಟ್ಟೆ. ಉಳಿದದ್ದು ಸಿ6. ಅದಕ್ಕೆ ಎಲ್ಲ ಕಡೆ ಸಿಗುವ ಬೆರಳಿನ ಚಿತ್ರ ಹೀಗಿದೆ: ಐದನೇ ತಂತಿ ಮೂರನೇ ಫ್ರೆಟ್, ನಾಲ್ಕು ಮತ್ತು ಮೂರನೇ ತಂತಿಗಳು ಎರಡನೇ ಫ್ರೆಟ್, ಎರಡನೇ ತಂತಿ ಒಂದನೇ ಫ್ರೆಟ್, ಮೊದಲ ತಂತಿ ಬಿಟ್ಟದ್ದು, ಆರನೇ ತಂತಿ ನುಡಿಸುವುದಿಲ್ಲ. ಕಿರುಬೆರಳನ್ನು ಐದನೇ ತಂತಿಯವರೆಗೆ ಚಾಚುವುದು ನನಗೆ ಕಷ್ಟ. ಅದನ್ನೂ ಎತ್ತಿಬಿಟ್ಟೆ, ಬಿಟ್ಟ ತಂತಿ ನುಡಿಯಿತು. ಹೇಗೂ ಹೆಚ್ಚುಕಡಿಮೆ ಅದೇ ತಾನೆ!

ಆ ವಾರ ಮಗಳಿಗೆ ವಿಡಿಯೊ ಕರೆ ಮಾಡಿ ಇದನ್ನೇ ನುಡಿಸಿ ತೋರಿಸಿದೆ. ಚೆನ್ನೈಯಲ್ಲಿ ಓದುತ್ತಾಳೆ, ಕಾಲೇಜಿನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾಳೆ. ಕೇಳಿದ ಕೂಡಲೇ ನಕ್ಕಳು. “ಅಪ್ಪಾ, ನೀ ಹಿಡದದ್ದು ಸಿ ಸಿಕ್ಸ್ ಅಲ್ಲೇ ಅಲ್ಲ. ಬರೇ ಎ ಮೈನರ್ ಅದು.”

ಒಂದೊಂದೇ ತಂತಿ ಮೀಟಿ ಸ್ವರದ ಹೆಸರು ಹೇಳು ಅಂದಳು. ಎ, ಇ, ಎ, ಸಿ, ಇ. ಹೌದು, ಎ ಮೈನರ್. ಜಿ ಎಲ್ಲೂ ಇಲ್ಲ. ಆಮೇಲೆ ಆ ಸಿ6ರ ಚಿತ್ರವನ್ನೇ ಸರಿಯಾಗಿ ಹಿಡಿದು ಹೇಳಿದೆ. ಸಿ, ಇ, ಎ, ಸಿ, ಇ. ಅಲ್ಲಿಯೂ ಜಿ ಇಲ್ಲ! ನಾಲ್ಕು ಸ್ವರದ ಕಾರ್ಡು ಎಂದು ಹೆಸರು, ಚಿತ್ರದಲ್ಲಿ ಇರುವುದು ಮೂರೇ. ಎ ಮೈನರ್‌ನ ಬುಡಕ್ಕೆ ಸಿ ಇಟ್ಟರೆ ಬರುವುದೂ ಇದೇ. ಬೆರಳಿನ ಚಿತ್ರ ನೋಡಿ ಎರಡು ವರ್ಷ ಕಲಿತಿದ್ದೆ. ಯಾವ ಬೆರಳು ಯಾವ ಸ್ವರದ ಮೇಲೆ ಕೂತಿದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈಗ ಹಾಳೆ ಕೇಳಿದ್ದನ್ನು ಹಿಡಿದು ನೋಡಿ. ಮಧ್ಯದ ಬೆರಳನ್ನು ಸ್ವಲ್ಪ ಮಲಗಿಸಿ ನಾಲ್ಕು ಮತ್ತು ಮೂರನೇ ತಂತಿ ಎರಡನ್ನೂ ಎರಡನೇ ಫ್ರೆಟ್ಟಿನಲ್ಲಿ ಒತ್ತಿ. ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್ಟಿಗೆ. ಉಂಗುರದ ಬೆರಳು ಅತಿ ದಪ್ಪದ ಆರನೇ ತಂತಿಯ ಮೂರನೇ ಫ್ರೆಟ್ಟಿಗೆ. ಆ ಬೆರಳಿನ ಮಾಂಸ ಐದನೇ ತಂತಿಗೆ ಹಗುರವಾಗಿ ತಾಗಿ ಅದರ ಸದ್ದು ಅಡಗಿಸಲಿ. ಮೊದಲ ತಂತಿ ಬಿಟ್ಟಿರಲಿ. ಕೆಳಗಿನಿಂದ ಮೀಟಿದರೆ ಜಿ, ಇ, ಎ, ಸಿ, ಇ. ನಾಲ್ಕೂ ಸ್ವರ ಬಂದವು. ಮಾಮೂಲಿ ಚಿತ್ರದಲ್ಲಿ ಕಳೆದುಹೋಗಿದ್ದ ಪಂಚಮವನ್ನು ಓರೆಗೆರೆಯ ಆಚೆಗಿನ ಅಕ್ಷರವೇ ವಾಪಸು ತಂದಿತು. ಅಲಂಕಾರ ಎಂದು ನಾನು ಬಿಟ್ಟಿದ್ದೇ ಕಾರ್ಡಿನ ನಾಲ್ಕನೇ ಕಾಲಾಗಿತ್ತು.

ಸರಿ, ಒಂದು ಸ್ವರ ತಪ್ಪಿತು. ಅಷ್ಟಕ್ಕೆ ಅಕ್ಕನ ಷಡ್ಜ ಯಾಕೆ ಜಾರಬೇಕು?

ಇದನ್ನು ಓದಿ ನಂಬಬೇಡಿ, ಮಾಡಿ ನೋಡಿ. ಒಂದೇ ಬೆರಳನ್ನು ಐದನೇ ಫ್ರೆಟ್ಟಿನಲ್ಲಿ ಮೇಲಿನ ನಾಲ್ಕು ತಂತಿಗಳ ಮೇಲೆ ಅಡ್ಡ ಮಲಗಿಸಿ. ಬರುವ ಸ್ವರ ಜಿ, ಸಿ, ಇ, ಎ. ಮನೆಯಲ್ಲಿ ಯುಕುಲೇಲಿ ಇದ್ದರೆ ಬೆರಳೂ ಬೇಡ. ಅದರ ಮಾಮೂಲಿ ಶ್ರುತಿಯಲ್ಲಿ ನಾಲ್ಕು ಬಿಟ್ಟ ತಂತಿಗಳೂ ಇವೇ. ಈ ನಾಲ್ಕನ್ನು ಅಲುಗಿಸದೆ ಬುಡದ ಸ್ವರ ಮಾತ್ರ ಬದಲಿಸುತ್ತ ಹೋಗಿ. ಐದನೇ ತಂತಿಯ ಮೂರನೇ ಫ್ರೆಟ್ಟಿನ ಸಿ ಸೇರಿಸಿದರೆ ಸಿ6: ಮನೆಗೆ ಬಂದು ಕುಳಿತ ಹಾಗೆ. ಅದೇ ಐದನೇ ತಂತಿಯನ್ನು ಬಿಟ್ಟು ಮೀಟಿದರೆ ಬುಡದಲ್ಲಿ ಎ. ಈಗ ಅದು ಎ ಮೈನರ್ 7, ಸಂಜೆಯ ಬಣ್ಣ. ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಆದರೆ ಸಿ6/ಜಿ. ಮನೆ ಕಾಣುತ್ತಿದೆ, ಇನ್ನೂ ಹೊಸ್ತಿಲು ದಾಟಿಲ್ಲ. ಆರನೇ ತಂತಿ ಬಿಟ್ಟದ್ದಾದರೆ ಸಿ6/ಇ, ಮುಂದಕ್ಕೆ ಹೆಜ್ಜೆ ಇಡಲು ವಾಲಿ ನಿಂತದ್ದು. ಜೊತೆಯಲ್ಲಿ ಕೀಬೋರ್ಡಿನವರಿದ್ದರೆ ತಗ್ಗಿನ ಎಫ್ ಒತ್ತಲು ಹೇಳಿ, ನಿಮ್ಮ ಅದೇ ಬೆರಳು ಈಗ ಎಫ್ ಮೇಜರ್ 9ರ ಭಾಗ. ತಗ್ಗಿನ ಡಿ ಒತ್ತಿದರೆ ಡಿ9 ಸಸ್ 4. ಮೇಲಿನ ಕೈ ಕೂದಲೆಳೆಯಷ್ಟೂ ಸರಿದಿಲ್ಲ. ಆರು ಬುಡ, ಆರು ಅರ್ಥ.

ಕಾರಣ ಕಿವಿಯ ಲೆಕ್ಕದಲ್ಲಿದೆ. ತಗ್ಗಿನ ತಂತಿಯೊಂದು ನುಡಿದಾಗ ಅದರೊಳಗೇ ಮೇಲಿನ ಸ್ವರಗಳು ಸಣ್ಣಗೆ ನುಡಿಯುತ್ತಿರುತ್ತವೆ. ತಂಬೂರಿಯ ಷಡ್ಜದ ತಂತಿಯಲ್ಲಿ ಪಂಚಮವೂ ಅಂತರ ಗಾಂಧಾರವೂ ತೇಲಿ ಬರುವುದು ಹಾಗೆಯೇ. ಬುಡದಲ್ಲಿ ಸಿ ಇದ್ದರೆ ಮೇಲಿನ ಜಿ ಮತ್ತು ಇ ಅದರ ಸ್ವಂತ ಮಕ್ಕಳಂತೆ ಕೂಡಿಕೊಳ್ಳುತ್ತವೆ, ಎ ಒಂದೇ ನೆಂಟ. ಬುಡದಲ್ಲಿ ಎ ಇಟ್ಟ ಕೂಡಲೇ ಇ ಅದರ ಪಂಚಮವಾಗುತ್ತದೆ, ಸಿ ಕೋಮಲ ಗಾಂಧಾರ, ಜಿ ಕೋಮಲ ನಿಷಾದ. ಮಕ್ಕಳು ಯಾರು, ನೆಂಟರು ಯಾರು ಎಂಬುದೇ ಅದಲುಬದಲು. ಗಿಟಾರಿನ ಬಿಟ್ಟ ಎ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ, ಅದರ ಕೆಳಗಿನ ಜಿ ಸುಮಾರು 98 ಸಲ. ನನ್ನ ತಪ್ಪಿನ ಅಳತೆ ಅಂದಾಜು ಹನ್ನೆರಡು ಕಂಪನ.

ಈ ಆಟ ನಮಗೆ ಹೊಸದೂ ಅಲ್ಲ. ಕರ್ನಾಟಕ ಸಂಗೀತ ಕೇಳುವವರು ಇದನ್ನು ಗ್ರಹಭೇದ ಎನ್ನುತ್ತಾರೆ, ಹಿಂದೂಸ್ತಾನಿಯವರು ಮೂರ್ಛನೆ ಎನ್ನುತ್ತಾರೆ. ಮೋಹನದ ಐದು ಸ್ವರ ತೆಗೆದುಕೊಳ್ಳಿ: ಸ ರಿ ಗ ಪ ಧ. ಒಂದನ್ನೂ ಬದಲಿಸದೆ ಧೈವತವನ್ನೇ ಷಡ್ಜ ಎಂದು ಭಾವಿಸಿ ಹಾಡಿದರೆ ಅದು ಶುದ್ಧ ಧನ್ಯಾಸಿಯ ಸ್ವರಗಳಾಗುತ್ತದೆ. ಭೂಪ ಹೋಗಿ ಧಾನಿ ಬಂದಂತೆ. ಸಿ6ರ ಸ-ಗ-ಪ-ಧ ಮೋಹನದ ನಾಲ್ಕು ಸ್ವರ. ಎ ಬುಡವಾದರೆ ಅದೇ ನಾಲ್ಕು ಶುದ್ಧ ಧನ್ಯಾಸಿಯ ಸ-ಗ-ಪ-ನಿ. ವೇದಿಕೆಯ ಮೇಲೆ ಗ್ರಹಭೇದ ಮಾಡುವ ವಿದ್ವಾಂಸರು ತಂಬೂರಿಯನ್ನು ಮಾತ್ರ ಮುಟ್ಟುವುದಿಲ್ಲ. ಅದು ಹಳೆಯ ಷಡ್ಜವನ್ನು ಹಿಡಿದುಕೊಂಡೇ ಇರುತ್ತದೆ, ಹಾಗಾಗಿ ಹೋದವರು ಹಿಂದಿರುಗಿ ಬರಬಲ್ಲರು. ಆ ಎಂಟು ಮಾತ್ರೆಗಳಲ್ಲಿ ಅಕ್ಕನಿಗೆ ತಂಬೂರಿ ಇರಲಿಲ್ಲ. ಇದ್ದದ್ದು ನನ್ನ ಗಿಟಾರಿನ ದಪ್ಪ ತಂತಿ. ನಾನು ತಂಬೂರಿಯನ್ನೇ ಸದ್ದಿಲ್ಲದೆ ಧೈವತಕ್ಕೆ ಎತ್ತಿಟ್ಟಿದ್ದೆ. ಅವರ ಕಿವಿ ಸರಿಯಾಗಿಯೇ ಕೇಳಿತ್ತು. ತಪ್ಪಿದ್ದು ಅವರಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಸ್ವರಗಳು ಅವೇ ಅಂದಮೇಲೆ ಎರಡೆರಡು ಹೆಸರು ಯಾಕೆ? ಸಿ6 ಮತ್ತು ಎ ಮೈನರ್ 7, ಒಂದನ್ನು ರದ್ದು ಮಾಡಿದರೆ ಕಲಿಯುವವರಿಗೆ ಸಲೀಸಲ್ಲವೇ? ಈ ಜಗಳಕ್ಕೆ ಮುನ್ನೂರು ವರ್ಷ ಸಮೀಪಿಸಿದೆ. 1722ರಲ್ಲಿ ಸ್ವರಸಂಯೋಗದ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ ಫ್ರಾನ್ಸಿನ ಸಂಗೀತಗಾರ ಜ್ಯಾಂ ಫಿಲಿಪ್ ರಾಮೋ ಇದೇ ಜೋಡಿಯ ಬಗ್ಗೆ ತಲೆಕೆಡಿಸಿಕೊಂಡಿದ್ದ. ಎಫ್, ಎ, ಸಿ, ಡಿ ಎಂಬ ಗುಂಪು ಒಮ್ಮೆ ಆರನೆಯ ಸ್ವರ ಸೇರಿದ ಎಫ್ ಕಾರ್ಡಾಗಿ ಕೆಲಸ ಮಾಡುತ್ತದೆ, ಇನ್ನೊಮ್ಮೆ ಏಳನೆಯ ಸ್ವರ ಸೇರಿದ ಡಿ ಮೈನರ್ ಆಗಿ. ಅವನು ಇದನ್ನು ಇಮ್ಮಡಿ ಬಳಕೆ ಎಂದು ಕರೆದ. ಯಾವುದು ಎಂದು ಹೇಳಬೇಕಾದರೆ ಆ ಕಾರ್ಡು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ನೋಡಬೇಕು.

ಹೆಸರಿನ ಬಗ್ಗೆ ನನ್ನ ಅಭಿಪ್ರಾಯವೂ ಇದೇ. ಹೆಸರು ಇರುವುದು ದಾರಿ ತೋರಿಸಲು. ಮೇಲೆ ಹೇಳಿದ ಸಿ6/ಜಿ ಬೆರಳಿನ ಹಿಡಿತವನ್ನೇ ನೋಡಿ. ಹಾಳೆಗಳಲ್ಲಿ ಅದಕ್ಕೆ ಎ ಮೈನರ್/ಜಿ ಎಂಬ ಹೆಸರೂ ಇದೆ. ಎ ಮೈನರ್, ಎ ಮೈನರ್/ಜಿ, ಡಿ/ಎಫ್ ಶಾರ್ಪ್, ಎಫ್ ಎಂದು ಬುಡದ ಸ್ವರ ಮೆಟ್ಟಿಲಿಳಿಯುವ ಹಾಡಿನಲ್ಲಿ ಅದನ್ನು ಎ ಮೈನರ್/ಜಿ ಎಂದೇ ಬರೆಯಬೇಕು. ಓದಿದವನಿಗೆ ಇಳಿಜಾರು ಕಾಣಬೇಕು. ಸಿ, ಸಿ6/ಜಿ, ಜಿ7, ಸಿ ಎಂದು ಮನೆ ಸುತ್ತಿ ಬರುವ ಹಾಡಿನಲ್ಲಿ ಸಿ6/ಜಿ ಎಂದು ಬರೆಯಬೇಕು. ಅಲ್ಲಿ ಷಡ್ಜ ಕದಲಿಲ್ಲ ಎಂಬುದು ಕಾಣಬೇಕು. ಸಿ6/ಎ ಎಂದು ಕೆಲವರು ಬರೆಯುತ್ತಾರೆ. ನನ್ನ ಮಟ್ಟಿಗೆ ಅದು ಸುಮ್ಮನೆ ಎ ಮೈನರ್ 7. ಹಾಗೇ ಬರೆದರೆ ಓದುವವರಿಗೆ ಉಪಕಾರ. ಮೇಲೆ ಸಿ ಕಾರ್ಡು ನಿಂತೇ ಇದ್ದು ಬುಡ ಮಾತ್ರ ಸಿ, ಬಿ, ಎ, ಜಿ ಎಂದು ನಡೆಯುತ್ತಿದ್ದರೆ ಆ ಮಾತು ಬೇರೆ.

ಎರಡು ಹೆಸರಿನ ನಡುವೆ ಬೇಕೆಂದೇ ನಿಲ್ಲಿಸುವವರೂ ಇದ್ದಾರೆ. ಗುಸ್ತಾವ್ ಮಾಹ್ಲರ್ 1908-09ರಲ್ಲಿ ಬರೆದ ‘ಭೂಮಿಯ ಹಾಡು’ ಎ ಮೈನರ್‌ನಲ್ಲಿ ಶುರುವಾಗಿ ಸುಮಾರು ಒಂದು ಗಂಟೆಯ ನಂತರ ವಿದಾಯದ ಹಾಡಿನೊಂದಿಗೆ ಮುಗಿಯುತ್ತದೆ. ಮುಗಿಯುವ ಕಾರ್ಡು ಸಿ, ಇ, ಜಿ, ಜೊತೆಗೆ ಎ. ನಮ್ಮ ಸಿ6. ಹೊರಟ ಊರಿನ ಎ, ತಲುಪಿದ ಊರಿನ ಸಿ, ಎರಡೂ ಒಟ್ಟಿಗೆ ನುಡಿಯುತ್ತ ಕರಗುತ್ತವೆ. ಮಾಹ್ಲರ್ ತೀರಿಕೊಂಡ ಮೇಲೆ, 1911ರಲ್ಲಿ, ಮ್ಯೂನಿಕ್‌ನಲ್ಲಿ ಅದು ಮೊದಲು ನುಡಿಯಿತು. ಹುಟ್ಟಿದ ಊರು ಒಂದು, ಬಾಳುವ ಊರು ಇನ್ನೊಂದು ಆದ ನಮ್ಮಂಥವರಿಗೆ ಆ ಕಾರ್ಡಿನ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. ಆದರೆ ಆ ಎರಡು ಅರ್ಥ ಮಾಹ್ಲರ್ ತಿಳಿದು ಇಟ್ಟದ್ದು. ನಾನು ಇಟ್ಟದ್ದು ತಿಳಿಯದೆ. ವ್ಯತ್ಯಾಸ ಅಲ್ಲಿದೆ.

ಇದಕ್ಕೆ ಎದುರು ವಾದ ನನಗೆ ಗೊತ್ತು. ಗಿಟಾರ್ ಹಿಡಿದು ಮೂರು ತಿಂಗಳಾದವರ ಮುಂದೆ ಇಷ್ಟೆಲ್ಲ ಹೇಳಿದರೆ ಅವರು ಗಿಟಾರನ್ನು ಅಟ್ಟಕ್ಕೇರಿಸುತ್ತಾರೆ. ಮೊದಲು ಒಂದು ಹಾಡು ಮುಗಿಸುವ ಸಂತೋಷ ಸಿಗಲಿ, ಉಳಿದದ್ದು ಆಮೇಲೆ. ಒಪ್ಪುತ್ತೇನೆ. ನನಗೂ ಆ ಸಂತೋಷ ಬೇಕಾಗಿತ್ತು, ಸಿಕ್ಕಿತು. ನನ್ನ ತಕರಾರು ‘ಸದ್ಯಕ್ಕೆ ಬಿಡು’ ಎಂಬುದರ ಮೇಲಲ್ಲ. ‘ಬಿಟ್ಟರೆ ಏನೂ ಆಗುವುದಿಲ್ಲ’ ಎಂಬುದರ ಮೇಲೆ. ಸದ್ಯಕ್ಕೆ ಬಿಡು ಎಂದವರು ಒಂದು ಸಾಲ ಬರೆದಿಟ್ಟಿರುತ್ತಾರೆ, ಒಂದು ದಿನ ತೀರಿಸಬೇಕೆಂದು ಕಲಿಯುವವನಿಗೆ ಗೊತ್ತಿರುತ್ತದೆ. ಏನೂ ಆಗುವುದಿಲ್ಲ ಎಂದವರು ಆ ಚೀಟಿಯನ್ನೇ ಹರಿದುಹಾಕಿರುತ್ತಾರೆ. ಆಮೇಲೆ ಸಾಲ ತೀರಿಸುವವರು ನಮ್ಮ ಅಕ್ಕನಂಥವರು, ಸಭೆಯ ಎದುರು.

ಓರೆಗೆರೆಯನ್ನು ಬಿಡಲೇಬೇಕಾದ ಸಂದರ್ಭವೂ ಇದೆ. ಇದನ್ನು ಮಗಳು ಹೇಳಿಕೊಟ್ಟಳು. ಬೇಸ್ ಗಿಟಾರ್ ಜೊತೆಯಲ್ಲಿದ್ದರೆ ಬುಡದ ಸ್ವರ ಅವರ ಕೆಲಸ. ನಾನೂ ದಪ್ಪ ತಂತಿಗಳನ್ನು ಬಾರಿಸಿದರೆ ತಗ್ಗಿನಲ್ಲಿ ಬರೀ ಗದ್ದಲ. ಆಗ ಮೇಲಿನ ನಾಲ್ಕು ತಂತಿ ಸಾಕು. ಐದನೇ ಫ್ರೆಟ್ಟಿನಲ್ಲಿ ಮಲಗಿಸಿದ ಆ ಒಂದು ಬೆರಳೇ ಸಾಕು. ಆದರೆ ಬೇಸಿನವರು ಜಿ ನುಡಿಸುತ್ತಿರುವಾಗ ನಾನು ತಿಳಿಯದೆ ಬಿಟ್ಟ ಎ ತಂತಿಯನ್ನೂ ಸವರಿದರೆ ಎರಡೂ ಒಂದಕ್ಕೊಂದು ಉಜ್ಜಿ ಕೆಸರಾಗುತ್ತದೆ. ಅಂದರೆ ಬಿಡುವುದಕ್ಕೂ ಆ ಅಕ್ಷರ ಓದಿರಬೇಕು.

ಓರೆಗೆರೆ ಕಂಡಲ್ಲೆಲ್ಲ ಬುಡದ ಸ್ವರ ಹುಡುಕಲು ಹೊರಟವರಿಗೆ ಒಂದು ಎಚ್ಚರಿಕೆ. ಸಿ6/9 ಎಂದು ಬರೆದದ್ದು ಕಂಡರೆ ಅಲ್ಲಿನ ಓರೆಗೆರೆ ಬುಡ ತೋರಿಸುವುದಿಲ್ಲ. ಆರರ ಜೊತೆಗೆ ಒಂಬತ್ತನೆಯ ಸ್ವರವನ್ನೂ, ಅಂದರೆ ಮೇಲಿನ ರಿಷಭವನ್ನೂ ಸೇರಿಸು ಎಂದು ಅದರ ಅರ್ಥ. ಗೆರೆಯ ಆಚೆ ಅಕ್ಷರವಿದ್ದರೆ ಬುಡ, ಅಂಕಿ ಇದ್ದರೆ ಸೇರ್ಪಡೆ. ಐದನೇ ತಂತಿ ಮೂರನೇ ಫ್ರೆಟ್, ನಾಲ್ಕು ಮತ್ತು ಮೂರು ಎರಡನೇ ಫ್ರೆಟ್, ಎರಡು ಮತ್ತು ಒಂದು ಮೂರನೇ ಫ್ರೆಟ್. ಮೀಟಿದರೆ ಸಿ, ಇ, ಎ, ಡಿ, ಜಿ. ಹೆಸರು ಹೇಳಿ ನೋಡಿ: ಸ, ಗ, ಧ, ರಿ, ಪ. ಮೋಹನದ ಐದೂ ಸ್ವರ ಒಂದೇ ಏಟಿಗೆ. ಇದನ್ನು ಕಂಡುಕೊಂಡ ದಿನ ನಾನು ಆಫೀಸಿಗೆ ತಡವಾಗಿ ಹೋದೆ.

ಕಲಿಸುವವರಲ್ಲಿ ನನ್ನ ಕೇಳಿಕೆ ಸಣ್ಣದು. ಬೆರಳಿನ ಚಿತ್ರ ಕೊಡಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಪ್ರತಿ ತಂತಿಯಲ್ಲಿ ಯಾವ ಸ್ವರ ಬರುತ್ತದೆ ಎಂದು ಐದಾರು ಅಕ್ಷರ ಬರೆಯಿರಿ. ಮೊದಲ ತಿಂಗಳೇ ಒಂದು ಕಾರ್ಡಿನ ಬುಡ ಬದಲಿಸಿ ಕೇಳಿಸಿ. ಶಾಸ್ತ್ರ ಹೇಳಬೇಕಿಲ್ಲ, ಕಿವಿ ತಾನೇ ಹೇಳುತ್ತದೆ. ಹತ್ತು ನಿಮಿಷದ ಕೆಲಸ. ಕಲಿಯುವವರಲ್ಲಿ ಕೇಳಿಕೆ ಇನ್ನೂ ಸಣ್ಣದು. ಹೊಸ ಕಾರ್ಡು ಹಿಡಿದಾಗ ಒಂದೊಂದೇ ತಂತಿ ಮೀಟಿ ಅದರ ಹೆಸರು ಬಾಯಲ್ಲಿ ಹೇಳಿ. ನಮ್ಮ ಕಡೆ ಮಕ್ಕಳಿಗೆ ಸರಳೆ ವರಸೆಯನ್ನು ಸ್ವರದ ಹೆಸರು ಹಾಡಿಸಿಯೇ ಕಲಿಸುತ್ತಾರಲ್ಲ, ಆ ಬುದ್ಧಿಯನ್ನು ಗಿಟಾರಿಗೆ ಬಂದ ಕೂಡಲೇ ಯಾಕೆ ಬಿಡಬೇಕು?

ಈ ವರ್ಷದ ಅಭ್ಯಾಸ ಶುರುವಾಗಿದೆ. ಅದೇ ಹಾಡನ್ನು ಮತ್ತೆ ಇಟ್ಟುಕೊಳ್ಳೋಣ ಎಂದು ನಾನೇ ಕೇಳಿಕೊಂಡೆ. ಕಳೆದ ಭಾನುವಾರ ಆ ಎಂಟು ಮಾತ್ರೆ ನುಡಿಸಿ, ಉಂಗುರದ ಬೆರಳನ್ನು ದಪ್ಪ ತಂತಿಯ ಮೂರನೇ ಫ್ರೆಟ್ಟಿಗೆ ಒತ್ತಿ, ಕೊನೆಯ ಕಾರ್ಡನ್ನು ಮೊಳಗಲು ಬಿಟ್ಟೆ. ಬುಡದಲ್ಲಿ ಪಂಚಮ ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಚರಣ ಎತ್ತಿದರು. ಸರಿಯಾದ ಜಾಗದಲ್ಲಿ. ಹಾಡು ಮುಗಿದ ಮೇಲೆ ಏನೂ ಹೇಳಲಿಲ್ಲ, ಮುಂದಿನ ಹಾಡಿನ ಹಾಳೆ ತಿರುವಿದರು.